ಇತ್ತೀಚೆಗೆ ಓದಿದ್ದರಲ್ಲಿ ನಿಮ್ಮ ತಲೆಗೆ ಹುಳ ಬಿಟ್ಟ ವೈಜ್ಞಾನಿಕ ಕಾದಂಬರಿ ಯಾವುದು? ವಿಜ್ಞಾನ ಓದದವರಿಗೆ ಅರ್ಥ ಆಗುತ್ತಾ?

ಲಿಯು ತ್ಸಿಶಿನ್ ಅನ್ನೋ ಚೀನೀ ಲೇಖಕರ 'ದಿ ಥ್ರೀ ಬಾಡಿ ಪ್ರಾಬ್ಲಮ್'. ಅರ್ಥ ಆಗುತ್ತೆ, ಧೈರ್ಯವಾಗಿ ಹಿಡಿಯಿರಿ. ಲೋಕಕ್ಕೆಲ್ಲ ಅವರು ಹಳಬರು. ಕಾದಂಬರಿ ಚೀನಾದ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿದ್ದು 2006ರಲ್ಲಿ. ಕೆನ್ ಲಿಯು ಮಾಡಿದ ಇಂಗ್ಲಿಷ್ ಅನುವಾದ 2014ರಲ್ಲಿ ಬಂತು, ಮರುವರ್ಷವೇ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ. ನನಗೆ ಮಾತ್ರ ಅವರು ಈಗಷ್ಟೇ ಸಿಕ್ಕರು.

ನಾನು ರಾಯಚೂರು ಹತ್ತಿರದ ಶಕ್ತಿನಗರದ ಥರ್ಮಲ್‌ನಲ್ಲಿ ಶಿಫ್ಟ್ ಡ್ಯೂಟಿ ಮಾಡುವವನು. ಪುಸ್ತಕ ಕೈಗಿಟ್ಟ ಹುಡುಗ ಹೇಳಿದ್ದು ಒಂದೇ ಮಾತು: "ಸರ್, ಇದನ್ನ ಬರ್ದವ್ರೂ ನಮ್ಮಂಗ ಥರ್ಮಲ್‌ನವ್ರೇ ನೋಡ್ರಿ." ನಿಜವೇ. ಶಾನ್‌ಶಿ ಪ್ರಾಂತ್ಯದ ನ್ಯಾಂಗ್‌ಜಿಗ್ವಾನ್ ವಿದ್ಯುತ್ ಸ್ಥಾವರದಲ್ಲಿ ಲಿಯು ಕಂಪ್ಯೂಟರ್ ಎಂಜಿನಿಯರ್ ಆಗಿದ್ದರು. ಕೆಲಸ ಮಾಡಿಕೊಂಡೇ ಕಥೆ, ಕಾದಂಬರಿ ಬರೆದವರು. ನನಗೆ ಅಷ್ಟು ಸಾಕಾಯ್ತು.

ಪೂರ್ತಿ ಕಥೆ ಹೇಳಲ್ಲ. ಆದರೆ ಒಂದು ಮುಖ್ಯ ತಿರುವು ಹೇಳದೆ ನನ್ನ ಮಾತು ಮುಂದೆ ಹೋಗಲ್ಲ. ಬೇಡ ಅನ್ನೋರು ಕೊನೆಯ ಪ್ಯಾರಾಗೆ ಜಿಗಿಯಿರಿ.

1967, ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲ, ಅಂದರೆ ಮಾವೋ ಹಿಂಬಾಲಕರು ಓದಿದವರ ಮೇಲೆ ಮುಗಿಬಿದ್ದಿದ್ದ ಕಾಲ. ಯೇ ವೆನ್‌ಜ್ಯೆ ಅನ್ನೋ ಹುಡುಗಿಯ ಕಣ್ಣೆದುರೇ, ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದ ಅವಳ ಅಪ್ಪನನ್ನು ಜನರ ನಡುವೆ ಹೊಡೆದು ಸಾಯಿಸುತ್ತಾರೆ. ಅಲ್ಲಿಂದ ಅವಳು ಕಾಡಿಗೆ, ಕಾಡಿನಿಂದ ಬೆಟ್ಟದ ಮೇಲಿನ ಗುಟ್ಟಿನ ರೇಡಿಯೋ ಕೇಂದ್ರಕ್ಕೆ ಬಂದು ಸೇರುತ್ತಾಳೆ. ಒಂದು ದಿನ ಯಾರಿಗೂ ಹೇಳದೆ ಆಕಾಶಕ್ಕೆ ಸಂದೇಶ ಬಿಡುತ್ತಾಳೆ. ಎಂಟು ವರ್ಷವಾದ ಮೇಲೆ ಉತ್ತರ ಬರುತ್ತೆ. ಹೋಗೋಕೆ ನಾಲ್ಕು, ಬರೋಕೆ ನಾಲ್ಕು. ಆ ಲೋಕ ಇರೋದು ಆಲ್ಫಾ ಸೆಂಟಾರಿ ಅನ್ನೋ ನಕ್ಷತ್ರಗಳ ಹತ್ತಿರ, ನಾಲ್ಕು ಚಿಲ್ಲರೆ ಜ್ಯೋತಿರ್ವರ್ಷ ದೂರ, ಅಂದರೆ ಬೆಳಕಿಗೂ ರೇಡಿಯೋ ಸಂದೇಶಕ್ಕೂ ಅಷ್ಟು ವರ್ಷದ ದಾರಿ. ಬಂದ ಉತ್ತರ ಏನು ಗೊತ್ತಾ? ಅಲ್ಲಿನವನೇ ಒಬ್ಬ ಒಳ್ಳೆಯವನು ಎಚ್ಚರಿಸಿದ್ದು: ಮತ್ತೆ ಮಾತಾಡಬೇಡಿ, ಮಾತಾಡಿದರೆ ನೀವೆಲ್ಲಿದ್ದೀರಿ ಅಂತ ನಮ್ಮವರಿಗೆ ತಿಳಿಯುತ್ತೆ, ದಂಡೆತ್ತಿ ಬರ್ತಾರೆ. ಅವಳು ಮತ್ತೆ ಬಟನ್ ಒತ್ತುತ್ತಾಳೆ. ಗೊತ್ತಿದ್ದೂ ಒತ್ತುತ್ತಾಳೆ.

ನಾನು ಸಿಕ್ಕಿಬಿದ್ದಿದ್ದು ಇಲ್ಲೇ. ನಮ್ಮ ಕೆಲಸದಲ್ಲಿ ಲೈನ್ ಕ್ಲಿಯರ್ ಅಂತ ಇದೆ, ಎಲ್‌ಸಿ ಅಂತೀವಿ, ಕರೆಂಟ್ ಕಡಿದು ರಿಪೇರಿಗೆ ಕೊಡುವ ಲಿಖಿತ ಅನುಮತಿ. ಒಂದು ಮೋಟರ್ ರಿಪೇರಿಗೆ ಕೊಡಬೇಕಾದರೆ ಬ್ರೇಕರ್ ಅನ್ನೋ ದೊಡ್ಡ ಸ್ವಿಚ್ ಹೊರಗೆ ಎಳೀಬೇಕು, ಅರ್ಥಿಂಗ್ ಹಾಕಬೇಕು, 'ಜನ ಕೆಲಸದಲ್ಲಿದ್ದಾರೆ, ಚಾರ್ಜ್ ಮಾಡಬೇಡಿ' (ಕರೆಂಟ್ ಹರಿಸಬೇಡಿ) ಅನ್ನೋ ಬೋರ್ಡ್ ತೂಗುಹಾಕಬೇಕು. ಎಲ್‌ಸಿ ತಗೊಂಡವನೇ ಕೆಲಸ ಮುಗಿಸಿ ಬಂದು, ಸಹಿ ಹಾಕಿ ವಾಪಸ್ ಕೊಡಬೇಕು. ಅಲ್ಲಿವರೆಗೆ ಎಷ್ಟು ದೊಡ್ಡ ಸಾಹೇಬರು ಫೋನ್ ಮಾಡಿದರೂ ಆ ಬ್ರೇಕರ್ ಮುಟ್ಟುವ ಹಾಗಿಲ್ಲ. ಯಾಕೆ? ಆ ಕಡೆ ಯಾರ ಕೈ ತಂತಿ ಮೇಲಿದೆಯೋ ಈ ಕಡೆಯವನಿಗೆ ಕಾಣಲ್ಲ.

ಯೇ ವೆನ್‌ಜ್ಯೆ ಇಡೀ ಮನುಷ್ಯಕುಲವನ್ನು ಎಲ್‌ಸಿ ಇಲ್ಲದೆ ಚಾರ್ಜ್ ಮಾಡಿದಳು. ಆದರೂ ಅವಳನ್ನು ಬೈಯೋಕೆ ಮನಸ್ಸು ಬರಲ್ಲ, ಅದೇ ಲಿಯು ಅವರ ಕೈಚಳಕ. ಅಪ್ಪನನ್ನು ಕೊಂದವರ ಪರವಾಗಿ ಅವಳು ಯಾಕೆ ಯೋಚಿಸಬೇಕು? ಮನುಷ್ಯರನ್ನು ಮನುಷ್ಯರೇ ಸರಿಮಾಡಲ್ಲ, ಹೊರಗಿನವರು ಯಾರಾದರೂ ಬರಲಿ ಅನ್ನೋ ಹತಾಶೆ ಅದು. ನಮ್ಮಲ್ಲೂ ಜನ ಎಷ್ಟು ಸಲ ಹಾಗೆ ಅಂದುಕೊಳ್ಳಲ್ಲ, ಹೇಳಿ.

ಇದು ಬರೀ ಕಥೆ ಅಂದ್ಕೋಬೇಡಿ. 1974ರಲ್ಲಿ ಪೋರ್ಟೊರಿಕೋದ ಅರೆಸಿಬೋ ದೂರದರ್ಶಕದಿಂದ ವಿಜ್ಞಾನಿಗಳು ನಿಜವಾಗಿಯೇ ಮೂರು ನಿಮಿಷದ ರೇಡಿಯೋ ಸಂದೇಶ ಕಳಿಸಿದ್ದಾರೆ, ಎಂ13 ಅನ್ನೋ ನಕ್ಷತ್ರಗುಚ್ಛದ ಕಡೆಗೆ. ಅದು ಸುಮಾರು 25,000 ಜ್ಯೋತಿರ್ವರ್ಷ ದೂರ, ಹಾಗಾಗಿ ಸದ್ಯಕ್ಕೆ ಹೆದರಿಕೆ ಇಲ್ಲ. ಬ್ರಿಟನ್ನಿನ ಖಗೋಳ ವಿಜ್ಞಾನಿ ಮಾರ್ಟಿನ್ ರೈಲ್ ಆಗಲೇ ಆಕ್ಷೇಪ ಎತ್ತಿದ್ದರು. ಆ ಸಂದೇಶಕ್ಕೆ ನಿಮ್ಮನ್ನು, ನನ್ನನ್ನು ಯಾರು ಕೇಳಿದ್ದರು?

ಇನ್ನು ಪುಸ್ತಕದ ಹೆಸರಿನ ವಿಷಯ. ಥ್ರೀ ಬಾಡಿ ಅಂದರೆ ಮೂರು ಕಾಯ. ಎರಡು ಕಾಯಗಳು ಒಂದನ್ನೊಂದು ಸುತ್ತಿದರೆ ನ್ಯೂಟನ್ ಲೆಕ್ಕ ಸಲೀಸಾಗಿ ಕೂರುತ್ತೆ. ಮೂರನೆಯದು ಸೇರಿದರೆ ಕೆಟ್ಟಿತು. ಶುರುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಮುಂದೆ ದಾರಿ ಪೂರ್ತಿ ಬೇರೆ ಆಗಬಹುದು. ಇದನ್ನು ಮೊದಲು ಕಂಡುಕೊಂಡವರು ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ, 19ನೇ ಶತಮಾನದ ಕೊನೆಗೆ. ಕಾದಂಬರಿಯ ಆ ಲೋಕಕ್ಕೆ ಮೂರು ಸೂರ್ಯ. ಯಾವಾಗ ಬೇಯುತ್ತೆ, ಯಾವಾಗ ಹೆಪ್ಪುಗಟ್ಟುತ್ತೆ ಯಾರಿಗೂ ಗೊತ್ತಿಲ್ಲ. ಅಲ್ಲಿಯವರು ಮೈಯ ನೀರೆಲ್ಲ ಬಸಿದು, ಚಾಪೆ ಹಾಗೆ ಸುತ್ತಿಕೊಂಡು ಕೆಟ್ಟ ಕಾಲ ಕಳೀತಾರೆ. (ರಾಯಚೂರಿನ ಮೇ ತಿಂಗಳಿಗೂ ಈ ಸೌಲಭ್ಯ ಇದ್ದಿದ್ದರೆ ಚೆನ್ನಾಗಿತ್ತು.)

ವಿಜ್ಞಾನ ಓದದವರಿಗೆ ನಾನು ತೋರಿಸೋದು ಸೈನಿಕರ ಕಂಪ್ಯೂಟರಿನ ಅಧ್ಯಾಯ. ಕಾದಂಬರಿಯೊಳಗೆ ಬರುವ, ಆ ಮೂರು ಸೂರ್ಯರ ಲೋಕವನ್ನು ತೋರಿಸುವ ಒಂದು ಕಂಪ್ಯೂಟರ್ ಆಟದಲ್ಲಿ ಚೀನೀ ಚಕ್ರವರ್ತಿಯೊಬ್ಬ ಮೂರು ಕೋಟಿ ಸೈನಿಕರನ್ನು ಬಯಲಲ್ಲಿ ನಿಲ್ಲಿಸ್ತಾನೆ. ಒಬ್ಬೊಬ್ಬನ ಕೈಲೂ ಕಪ್ಪು ಬಾವುಟ, ಬಿಳಿ ಬಾವುಟ. ಮೂವರ ಒಂದು ಗುಂಪು. ಇಬ್ಬರೂ ಕಪ್ಪು ಎತ್ತಿದರೆ ಮಾತ್ರ ಮೂರನೆಯವನು ಕಪ್ಪು ಎತ್ತಬೇಕು, ಇಲ್ಲದಿದ್ದರೆ ಬಿಳಿ. ಅಷ್ಟೇ ನಿಯಮ, ಬೇರೇನೂ ಗೊತ್ತಿರಬೇಕಿಲ್ಲ. ಕಂಪ್ಯೂಟರ್ ಒಳಗಿನ ಆಂಡ್ ಗೇಟ್ ಅಂದರೆ ಇದೇ. ಇಂಥ ಗುಂಪುಗಳನ್ನು ಜೋಡಿಸಿ ಸೂರ್ಯರ ಲೆಕ್ಕ ಹಾಕ್ತಾರೆ. ಪಿಯುಸಿ ಓದುತ್ತಿರೋ ಮಗಳಿಗೆ ಈ ಭಾಗ ಓದಿ ಹೇಳಿದೆ. "ಅಪ್ಪಾ, ಇದನ್ನ ನಮ್ಮ ಪಾಠದಾಗ ಯಾಕ ಹಾಕಿಲ್ಲ?" ಅಂದಳು.

ಕೊರತೆ ಇಲ್ಲವೇ? ಬೇಕಾದಷ್ಟಿವೆ. ಯೇ ವೆನ್‌ಜ್ಯೆ, ಒರಟು ಪೊಲೀಸ್ ದಾ ಶಿ, ಇವರಿಬ್ಬರನ್ನು ಬಿಟ್ಟರೆ ಪಾತ್ರಗಳು ಸಪ್ಪೆ. ನಿಜವಾದ ಆಲ್ಫಾ ಸೆಂಟಾರಿ ಅಷ್ಟು ಹುಚ್ಚಾಟ ಆಡಲ್ಲ. ಅಲ್ಲಿ ಎರಡು ನಕ್ಷತ್ರ ಸುಮಾರು 80 ವರ್ಷಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ, ಮೂರನೆಯದು ಎಲ್ಲೋ ದೂರದಲ್ಲಿ ತನ್ನ ಪಾಡಿಗೆ ಇದೆ. ಕೊನೆಗೆ ಬರುವ, ಪ್ರೋಟಾನ್ ಅನ್ನೋ ಪರಮಾಣುವಿನೊಳಗಿನ ಕಣವನ್ನು ಬಿಚ್ಚುವ ಕಸರತ್ತು ನನಗಂತೂ ಜಾಸ್ತಿ ಆಯ್ತು. ಸುಮ್ನೆ ಪುಟ ತಿರುವಿದೆ.

ಇದು ಮೂರು ಭಾಗದ ಸರಣಿ. ಕೋಟ್ಯಂತರ ವರ್ಷ ಒಂದು ಮಾತನ್ನು ಉಳಿಸಬೇಕಾದರೆ ಏನು ಮಾಡಬೇಕು ಅಂತ ಮೂರನೇ ಭಾಗದಲ್ಲಿ ತಲೆ ಕೆಡಿಸಿಕೊಂಡು, ಕೊನೆಗೆ ಸಿಗೋ ಉತ್ತರ ಕಲ್ಲಿನ ಮೇಲೆ ಕೆತ್ತೋದು! ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ಅಶೋಕ ಅದನ್ನೇ ಮಾಡಿದ್ದ. ಆ ಶಾಸನ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿತ್ತು. ಅದರಲ್ಲಿ ಅಶೋಕ ಅನ್ನೋ ಹೆಸರೇ ಇದ್ದದ್ದರಿಂದ ಬೇರೆ ಶಾಸನಗಳಲ್ಲಿ ಬರೀ ಬಿರುದಾಗಿ ಬರುತ್ತಿದ್ದ ದೇವಾನಾಂಪ್ರಿಯ ಯಾರು ಅನ್ನೋದು ಖಚಿತವಾಯ್ತು.

ಓದೋಕೆ ಕೂರುವಾಗ ಒಂದು ಚೀಟಿ ಇಟ್ಟುಕೊಳ್ಳಿ, ಚೀನೀ ಹೆಸರುಗಳು ಮೊದಲಿಗೆ ಕಲಸಿಹೋಗ್ತವೆ. 2024ರ ನೆಟ್‌ಫ್ಲಿಕ್ಸ್ ಸರಣಿ ಆಮೇಲೆ ನೋಡಿ, ಅದರಲ್ಲಿ ಕಥೆಯ ದೊಡ್ಡ ಭಾಗವನ್ನು ಲಂಡನ್ನಿಗೆ ಸಾಗಿಸಿದ್ದಾರೆ. ಮೊದಲ ಪುಸ್ತಕ ಹಿಡಿಸಿದರೆ ಎರಡನೆಯದಕ್ಕೆ ಹೋಗಿ. ಅದರ ಶುರು ಎಳೆದಾಡುತ್ತೆ, ಅರ್ಧಕ್ಕೆ ಬಿಡಬೇಡಿ.