ಉಪ್ಪು ಒರೆಸಲು ಹನ್ನೊಂದು ದಿನ

ಕುಮಟಾ ಕಡೆ ಸಣ್ಣ ಲ್ಯಾಬ್ ನಡೆಸುವ ಸಹೋದರಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಾಲ ಮಾಡಿ ಕೊಂಡ ರಕ್ತಕಣ ಎಣಿಸುವ ಯಂತ್ರ ನಡು ಮಳೆಗಾಲದಲ್ಲಿ, ಡೆಂಗಿ ಜೋರಾಗಿದ್ದಾಗ ಹಟ ಹಿಡಿಯಿತು. ಬೆಳಿಗ್ಗೆ ರಕ್ತ ಹಾಕುವ ಮೊದಲು ಬರಿಯ ಡೈಲ್ಯೂಯೆಂಟ್, ಅಂದರೆ ರಕ್ತವನ್ನು ತೆಳುಗೊಳಿಸುವ ಉಪ್ಪುನೀರು, ಓಡಿಸಿ ನೋಡುವುದು ವಾಡಿಕೆ. ಆಗ ಪ್ಲೇಟ್‌ಲೆಟ್ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಇವರ ಯಂತ್ರ ಎಪ್ಪತ್ತು ಸಾವಿರ ತೋರಿಸಿತು. ಕಂಪನಿಗೆ ಫೋನ್ ಮಾಡಿದರೆ ದೂರಿನ ಸಂಖ್ಯೆಯೊಂದು ಸಿಕ್ಕಿತು. ಮೂರು ಜಿಲ್ಲೆಗೆ ಒಬ್ಬನೇ ಇಂಜಿನಿಯರ್. ಅವನು ಫೋನಿನಲ್ಲೇ ‘ನಿಮ್ಮ ಅರ್ಥಿಂಗ್ ಸರಿ ಇಲ್ಲ’ ಎಂದು ತೀರ್ಪು ಕೊಟ್ಟ. ಚಿರೆಕಲ್ಲಿನ ನೆಲ ಅಗೆಸಿ, ಇದ್ದಿಲು-ಉಪ್ಪು ತುಂಬಿಸಿದ್ದಾಯಿತು. ಎಪ್ಪತ್ತು ಸಾವಿರ ಇಳಿಯಲಿಲ್ಲ. ಹನ್ನೊಂದನೆಯ ದಿನ ಅವನು ಬಂದು, ಮುಚ್ಚಳ ಬಿಚ್ಚಿ, ಸೋರಿ ಒಣಗಿದ್ದ ಡೈಲ್ಯೂಯೆಂಟಿನ ಬಿಳಿ ಪದರವನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಕಾಲು ಗಂಟೆಯ ಕೆಲಸ. ‘ನಮ್ಮಂಥವರು ಏನು ಮಾಡಬೇಕು?’ ಎಂದು ಕೇಳಿದ್ದಾರೆ.

ಪ್ರಿಯ ಸಹೋದರಿ,

ಕಂಪನಿಯ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ದೇವಿಮನೆ ಘಟ್ಟದ ಮಳೆಯಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಬೈಕ್ ಓಡಿಸುವ ಆ ಹುಡುಗನ ಪಾಡು ಸುಖದ್ದಲ್ಲ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದನ್ನು ಕಂಡ ಜಿಲ್ಲೆ ನಮ್ಮದು. ಆಯಿತು, ಹೇಳಿದೆ.

ಈಗ ನಿಮ್ಮ ಮೂರನೆಯ ಪುಟಕ್ಕೆ ಬರುತ್ತೇನೆ. ಸಿಟ್ಟಿನ ಭರದಲ್ಲಿ ನೀವು ಎರಡೇ ಸಾಲಿನಲ್ಲಿ ದಾಟಿಹೋದ ಸಂಗತಿ ಅಲ್ಲಿದೆ. ಜ್ವರ ಬಂದ ಹುಡುಗನೊಬ್ಬನ ಪ್ಲೇಟ್‌ಲೆಟ್ ಯಂತ್ರದ ಪ್ರಕಾರ 1,12,000. ನಂಬಿ ಬರೆದುಕೊಟ್ಟಿದ್ದರೆ ಅವನು ಮನೆಗೆ ಹೋಗುತ್ತಿದ್ದ. ನೀವು ಕಪಾಟಿನ ಮೂಲೆಯಿಂದ ನ್ಯೂಬಾವರ್ ಚೇಂಬರ್, ಅಂದರೆ ಕಣ ಎಣಿಸಲು ಗೆರೆ ಕೊರೆದ ಗಾಜಿನ ಪಟ್ಟಿ, ತೆಗೆದಿರಿ. ರಕ್ತವನ್ನು ಅಮೋನಿಯಂ ಆಕ್ಸಲೇಟಿನಲ್ಲಿ ತೆಳುಗೊಳಿಸಿ, ಗಾಜಿನ ಮನೆಗಳಿಗೆ ತುಂಬಿ, ಒದ್ದೆ ಹತ್ತಿಯ ಜೊತೆ ಪೆಟ್ರಿ ತಟ್ಟೆಯಲ್ಲಿ ಮುಚ್ಚಿಟ್ಟು, ಕಣಗಳು ತಳಕ್ಕೆ ಇಳಿಯಲೆಂದು ಕಾಲು ಗಂಟೆ ಕಾದಿರಿ. ಆಮೇಲೆ ಕಣ್ಣಿಟ್ಟು ಒಂದೊಂದಾಗಿ ಎಣಿಸಿದಿರಿ: 41,000. ಹುಡುಗನನ್ನು ಅಂದೇ ಆಸ್ಪತ್ರೆಗೆ ಸೇರಿಸಿದರು. ತಂಗೀ, ಪತ್ರ ಇಲ್ಲಿಂದಲೇ ಶುರುವಾಗಬೇಕಿತ್ತು!

ನಿಮ್ಮ ಯಂತ್ರದ ಮೂಲಪುರುಷನ ಕಥೆಯನ್ನು ನಾನು ಹಿಂದೊಮ್ಮೆ ಓದಿದ್ದೆ. ವ್ಯಾಲೇಸ್ ಕೋಲ್ಟರ್ ಎಂಬ ಅಮೆರಿಕದ ಮನುಷ್ಯ. 1953ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಉಪ್ಪುನೀರಿನಲ್ಲಿ ಕರೆಂಟ್ ಹರಿಸಿ, ಸಣ್ಣ ತೂತೊಂದರಲ್ಲಿ ರಕ್ತಕಣಗಳನ್ನು ನುಸುಳಿಸಿದರೆ ಪ್ರತಿ ಕಣವೂ ಕರೆಂಟನ್ನು ಕ್ಷಣ ತಡೆಯುತ್ತದೆ. ಆ ತಡೆಗಳನ್ನು ಎಣಿಸಿದರೆ ಕಣಗಳನ್ನು ಎಣಿಸಿದಂತೆ. ಪ್ಲೇಟ್‌ಲೆಟ್ ಎಲ್ಲಕ್ಕಿಂತ ಸಣ್ಣದು, ಹಾಗಾಗಿ ಎಲ್ಲಿಂದಲೋ (ನಿಮ್ಮಲ್ಲಿ ಆ ಉಪ್ಪಿನ ಪದರದ ಮೂಲಕ) ನುಗ್ಗಿದ ವಿದ್ಯುತ್ತಿನ ಗದ್ದಲವನ್ನೂ ಯಂತ್ರ ಪ್ಲೇಟ್‌ಲೆಟ್ ಎಂದೇ ಲೆಕ್ಕ ಹಿಡಿಯುತ್ತದೆ. ಆ ಮೊದಲ ತೂತನ್ನು ಕೋಲ್ಟರ್ ಮಾಡಿದ್ದು ಸಿಗರೇಟು ಪ್ಯಾಕಿನ ಸೆಲೋಫೇನ್ ಹಾಳೆಗೆ ಕಾದ ಸೂಜಿ ಚುಚ್ಚಿ ಎನ್ನುತ್ತಾರೆ. ಹಾಗೆ ಹುಟ್ಟಿದ ಯಂತ್ರದ ಮೇಲೆ ಇವತ್ತು ‘ಈ ಸೀಲ್ ಒಡೆದರೆ ವಾರಂಟಿ ಇಲ್ಲ’ ಎಂಬ ಚೀಟಿ! ಪಕ್ಕದಲ್ಲೇ ಸಾಣಿಕಟ್ಟಾದ ಉಪ್ಪಿನಾಗರ ಇರುವವರು ನೀವು. ನಿಮ್ಮ ಮೇಜಿನ ಮೇಲಿನ ಚಿಟಿಕೆ ಉಪ್ಪು ಒರೆಸಲು ಪರಊರಿನ ಅಪ್ಪಣೆ ಬೇಕಾಯಿತು.

ಬೈಯುವುದಿದೆ, ಬೇಸರ ಮಾಡಿಕೊಳ್ಳಬೇಡಿ. ಕರಾರಿನ ನಕಲು ಕಳಿಸಿದ್ದೀರಿ. ನೀವು ಅದನ್ನು ಓದದೆ ಸಹಿ ಹಾಕಿದ್ದೀರಿ. ಅದು ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು), ಸಿಎಂಸಿ (ಬಿಡಿಭಾಗವೂ ಸೇರಿದ ಸಮಗ್ರ ಕರಾರು) ಅಲ್ಲ. ಮೊದಲನೆಯದರಲ್ಲಿ ಬಂದು ನೋಡುವ ಕೂಲಿ ಮಾತ್ರ ಸೇರಿದೆ, ಬಿಡಿಭಾಗದ ದುಡ್ಡು ಬೇರೆ. ಎಷ್ಟು ಗಂಟೆಯೊಳಗೆ ಬರಬೇಕು, ಬಾರದಿದ್ದರೆ ದಂಡ ಎಷ್ಟು ಎಂಬ ಸಾಲು ಎಲ್ಲಿಯೂ ಇಲ್ಲ. ಅಡಿಕೆ ಚೀಟಿಯಲ್ಲಿ ಅರ್ಧ ಕಿಲೋ ಹೆಚ್ಚುಕಡಿಮೆಯಾದರೆ ಮೂರು ಸಲ ಲೆಕ್ಕ ನೋಡುವ ಜನ ನಾವು, ಲಕ್ಷಗಟ್ಟಲೆಯ ಯಂತ್ರಕ್ಕೆ ಕಣ್ಣುಮುಚ್ಚಿ ರುಜು ಹಾಕುತ್ತೇವೆ. ಸರ್ಕಾರಿ ಆಸ್ಪತ್ರೆಗಳಿಗಾದರೂ 2015ರಿಂದ ಕೇಂದ್ರದ ನಿರ್ವಹಣಾ ಕಾರ್ಯಕ್ರಮವಿದೆ. ಜಿಲ್ಲಾಸ್ಪತ್ರೆಯ ಉಪಕರಣ ಶೇಕಡ 95ರಷ್ಟು ಸಮಯ ಚಾಲೂ ಇರಬೇಕೆಂದು ಅದರ ಕಾಗದ ಹೇಳುತ್ತದೆ. ನಿಮಗೆ ಅಂಥ ಕಾಗದವೂ ಇಲ್ಲ. 2022ರಲ್ಲಿ ದೆಹಲಿಯಲ್ಲಿ ‘ರಿಪೇರಿಯ ಹಕ್ಕು’ ಎಂದು ಸಮಿತಿ ಕೂತಾಗ ಆರಿಸಿಕೊಂಡದ್ದು ಮೊಬೈಲು, ಮನೆಬಳಕೆಯ ಸಾಮಾನು, ವಾಹನ, ಕೃಷಿ ಉಪಕರಣ. ಲ್ಯಾಬ್ ಯಾರಿಗೂ ನೆನಪಾಗಲಿಲ್ಲ.

ವ್ಯಾಪಾರಕ್ಕೆ ಕೊಂಡ ವಸ್ತು, ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲ ಎಂದು ಯಾರೋ ನಿಮ್ಮನ್ನು ಹೆದರಿಸಿದ್ದಾರೆ. 2019ರ ಕಾಯ್ದೆ ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದೇ ಕೊಂಡದ್ದನ್ನು ವ್ಯಾಪಾರದ ಲೆಕ್ಕದಿಂದ ಹೊರಗಿಟ್ಟಿದೆ. ಒಳ್ಳೆಯ ವಕೀಲರನ್ನು ಕೇಳಿ.

ಆದರೆ ಕೋರ್ಟು ಬಂದು ಉಪ್ಪು ಒರೆಸುವುದಿಲ್ಲ. ನನ್ನ ಹಳೆಯ ರಾಗ ನಿಮಗೆ ಗೊತ್ತೇ ಇದೆ: ರಿಪೇರಿ ಮಾಡುವವನ ಮುಖ ನೋಡದೆ ಯಂತ್ರ ಕೊಳ್ಳಬಾರದು. 1923ರಲ್ಲಿ ದಲಾಲಿಗಳ ಕೈಯಲ್ಲಿ ಸೋತ ಶಿರಸಿಯ ತೋಟಿಗರು ಒಟ್ಟಾಗಿ ಮಾರಾಟದ ಸೊಸೈಟಿ ಕಟ್ಟಿದರು. ಭಟ್ಕಳದಿಂದ ಕಾರವಾರದವರೆಗಿನ ಲ್ಯಾಬಿನವರು ಸೇರಿ ತರಬೇತಾದ ಒಬ್ಬನನ್ನು ಸಂಬಳಕ್ಕೆ ಇಟ್ಟುಕೊಳ್ಳಲು ಅಡ್ಡಿ ಏನು? ಸೀಲಿನ ವಿಷಯವನ್ನು ಒಬ್ಬರೇ ಹೋಗಿ ಕೇಳಿದರೆ ದೂರಿನ ಸಂಖ್ಯೆ ಕೊಡುತ್ತಾರೆ, ನಲವತ್ತು ಜನ ಹೋದರೆ ಕುರ್ಚಿ ಕೊಡುತ್ತಾರೆ. ಹೀಗೆ ಹೇಳಿದಾಗಲೆಲ್ಲ ‘ಅದು ಆಗುವ ಮಾತಲ್ಲ’ ಎನ್ನುವವರು ಸಿಗುತ್ತಾರೆ. ನಮ್ಮ ಜಿಲ್ಲೆಗೆ ಎಲ್ಲವೂ ದೂರವೇ ಇರಬೇಕೆಂದು ನಾವೇ ಒಪ್ಪಿಕೊಂಡ ಹಾಗಿದೆ. ಎದೆ ನೋವಿಗೆ ಮಣಿಪಾಲ, ತಲೆಪೆಟ್ಟಿಗೆ ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. ಆಂಬುಲೆನ್ಸಿನ ಚಾಲಕನಿಗೆ ನಮ್ಮ ಆರೋಗ್ಯದ ಭೂಗೋಳವೆಲ್ಲ ಬಾಯಿಪಾಠ. ನಾವು ಇಲ್ಲಿಂದ ಹೊಳೆಯ ಕರೆಂಟು ಕೊಟ್ಟೆವು, ಕಾಡು ಕೊಟ್ಟೆವು, ಕೈಗಾಕ್ಕೆ ನೆಲ ಕೊಟ್ಟೆವು. ಬದಲಿಗೆ ಒಬ್ಬ ರಿಪೇರಿಯವನು ಬರಬೇಕಾದರೆ ಹನ್ನೊಂದು ದಿನ.

ಉಳಿದ ಲ್ಯಾಬಿನವರೂ ಬರೆಯಲಿ: ಯಾವ ಯಂತ್ರ, ಕೆಟ್ಟದ್ದು ಯಾವತ್ತು, ಸರಿಯಾದದ್ದು ಯಾವತ್ತು. ಬಂದಷ್ಟನ್ನು ಅಚ್ಚು ಹಾಕುತ್ತೇನೆ.

ಅಂದ ಹಾಗೆ, ಕಳೆದ ಸಂಚಿಕೆ ಎರಡು ವಾರ ತಡವಾಗಿ ತಲುಪಿತು ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಅಚ್ಚಿನ ಯಂತ್ರದಲ್ಲಿ ಒಂದು ರೋಲರ್ ಕೈಕೊಟ್ಟಿತ್ತು. ಹುಬ್ಬಳ್ಳಿಯಿಂದ ಜನ ಬರಬೇಕಿತ್ತು.

– ಸಂಪಾದಕ