‘ಕಾನೂನುಗಳ ಸಮಾನ ರಕ್ಷಣೆ’: ಈ ಮಾತು ಯಾರದು?

ಪ್ರಶ್ನೆ: ನಮ್ಮ ಸಂವಿಧಾನದ 14ನೇ ವಿಧಿಯ ‘ಕಾನೂನುಗಳ ಸಮಾನ ರಕ್ಷಣೆ’ ಎಂಬ ಮಾತು ಅಮೆರಿಕದಿಂದ ಬಂದದ್ದಂತೆ. ಅದನ್ನು ಬರೆದವರು ಲಿಂಕನ್ ಅವರೇ?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲ. ಬರೆದವರು ಜಾನ್ ಬಿಂಗ್‌ಹ್ಯಾಮ್. ಹುಟ್ಟಿದ್ದು 1815ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ವಕೀಲಿ ನಡೆಸಿದ್ದು ಒಹಾಯೊದ ಕ್ಯಾಡಿಜ್ ಎಂಬ ಸಣ್ಣ ಊರಿನಲ್ಲಿ. ಗುಲಾಮಗಿರಿಯ ಕಡು ವಿರೋಧಿ. 1854ರಲ್ಲಿ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಆರಿಸಿ ಬಂದರು. ಲಿಂಕನ್ ಹತ್ಯೆಯ ಸಂಚುಗಾರರನ್ನು ಸೇನಾ ಆಯೋಗ ವಿಚಾರಿಸಿದಾಗ ಸರ್ಕಾರದ ಪರ ವಾದಿಸಿದವರಲ್ಲಿ ಇವರೂ ಒಬ್ಬರು.

ಆ ಮಾತು ಏಕೆ ಬೇಕಾಯಿತು ಎನ್ನುವುದೇ ಇಲ್ಲಿ ಮುಖ್ಯ. ಅಮೆರಿಕದ ಹಕ್ಕುಗಳ ಪಟ್ಟಿ ಕೇಂದ್ರ ಸರ್ಕಾರವನ್ನಷ್ಟೇ ಕಟ್ಟಿಹಾಕುತ್ತದೆ, ರಾಜ್ಯಗಳನ್ನಲ್ಲ ಎಂದು ಸುಪ್ರೀಂ ಕೋರ್ಟ್ 1833ರಲ್ಲೇ ಹೇಳಿತ್ತು. ಅಂತರ್ಯುದ್ಧ ಮುಗಿದು ಗುಲಾಮರು ಬಿಡುಗಡೆಯಾದರೂ ದಕ್ಷಿಣದ ರಾಜ್ಯಗಳು ಕರಿಯರಿಗೇ ಬೇರೆ ಕಾನೂನು ಮಾಡಿದವು. ತಡೆಯಲು ಸಂವಿಧಾನದಲ್ಲಿ ಹಿಡಿತವಿರಲಿಲ್ಲ.

1866ರ ಫೆಬ್ರವರಿಯಲ್ಲಿ ಬಿಂಗ್‌ಹ್ಯಾಮ್ ತಂದ ಮೊದಲ ಕರಡು, ಸಮಾನ ರಕ್ಷಣೆಗಾಗಿ ಕಾನೂನು ಮಾಡುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಡುತ್ತಿತ್ತು. ಅದು ಸೋತದ್ದು ಅಲ್ಲಿಯೇ. ನಾಳೆ ಬೇರೆ ಪಕ್ಷದ ಬಹುಮತ ಬಂದರೆ ಹಕ್ಕೂ ಹೋಯಿತಲ್ಲ ಎಂಬ ಆಕ್ಷೇಪ ಅವರ ಪಕ್ಷದೊಳಗಿನಿಂದಲೇ ಎದ್ದಿತು. ಆಮೇಲೆ ಅವರು ವಾಕ್ಯವನ್ನೇ ತಿರುಗಿಸಿದರು: ಯಾವ ರಾಜ್ಯವೂ ತನ್ನ ವ್ಯಾಪ್ತಿಯಲ್ಲಿರುವ ಯಾವ ವ್ಯಕ್ತಿಗೂ ಕಾನೂನುಗಳ ಸಮಾನ ರಕ್ಷಣೆಯನ್ನು ನಿರಾಕರಿಸಬಾರದು. ‘ಅಧಿಕಾರ ಉಂಟು’ ಎಂದಿದ್ದದ್ದು ‘ಕೂಡದು’ ಎಂದಾಯಿತು. ಹಾಗಾಗಿ ಕಾಂಗ್ರೆಸ್ ಸುಮ್ಮನಿದ್ದರೂ ನೊಂದವರು ಕೋರ್ಟಿನ ಬಾಗಿಲು ತಟ್ಟಬಹುದು. ‘ಪ್ರಜೆ’ ಎನ್ನದೆ ‘ವ್ಯಕ್ತಿ’ ಎಂದದ್ದನ್ನೂ ಗಮನಿಸಿ. ವಿದೇಶಿಯರಿಗೂ ಈ ರಕ್ಷಣೆ ಸಿಕ್ಕಿದ್ದು ಆ ಒಂದು ಪದದಿಂದ.

ಪರೀಕ್ಷೆಯಲ್ಲಿ ತಪ್ಪಾಗುವ ಜಾಗವೊಂದಿದೆ. ಈ ಮಾತು ಸೇರಿದ್ದು ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯಲ್ಲಿ; ಅದರ ಆರಂಭದಲ್ಲಿರುವ ಪೌರತ್ವದ ವಾಕ್ಯ ಬಿಂಗ್‌ಹ್ಯಾಮ್ ಅವರದಲ್ಲ. ಅದನ್ನು ಸೇರಿಸಿದವರು ಸೆನೆಟರ್ ಜೇಕಬ್ ಹೊವಾರ್ಡ್. ತಿದ್ದುಪಡಿ 1866ರ ಜೂನ್ 13ರಂದು ಕೆಳಮನೆಯಲ್ಲಿ 120–32 ಮತಗಳಿಂದ ಗೆದ್ದು, ಮುಕ್ಕಾಲು ಪಾಲು ರಾಜ್ಯಗಳ ಒಪ್ಪಿಗೆ ಪಡೆದು 1868ರ ಜುಲೈನಲ್ಲಿ ಜಾರಿಗೆ ಬಂತು.

ಸಮಾನ ರಕ್ಷಣೆಯ ವಾಕ್ಯದಲ್ಲೇ ಪ್ರಜೆಗಳ ‘ವಿಶೇಷ ಹಕ್ಕು’ಗಳ ರಕ್ಷಣೆಯೂ ಇತ್ತು. ಬಿಂಗ್‌ಹ್ಯಾಮ್ ಹೆಚ್ಚು ನೆಚ್ಚಿಕೊಂಡಿದ್ದ ಆ ಭಾಗವನ್ನು ಸುಪ್ರೀಂ ಕೋರ್ಟ್ 1873ರಲ್ಲಿ 5–4ರ ತೀರ್ಪಿನಿಂದ ಹೆಚ್ಚುಕಡಿಮೆ ನಿರ್ಜೀವ ಮಾಡಿತು. ಅದೇ ವರ್ಷ ಅವರು ರಾಯಭಾರಿಯಾಗಿ ಜಪಾನಿಗೆ ಹೋದರು. 1885ರವರೆಗೆ ಅಲ್ಲಿದ್ದು, 1900ರಲ್ಲಿ ಕ್ಯಾಡಿಜ್‌ನಲ್ಲೇ ತೀರಿಕೊಂಡರು.

ನಮ್ಮವರು ಸಮಾನ ರಕ್ಷಣೆಯನ್ನು ತೆಗೆದುಕೊಂಡರು. ಪಕ್ಕದಲ್ಲೇ ಇದ್ದ ‘ಡ್ಯೂ ಪ್ರೊಸೆಸ್’ ಅನ್ನು, ಅಂದರೆ ನ್ಯಾಯಯುತ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎಂಬ ಮಾತನ್ನು, ಬಿಟ್ಟರು. ಸಂವಿಧಾನ ಸಭೆಯ ಸಲಹೆಗಾರ, ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್ ಅಮೆರಿಕದಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿ ಬಂದ ಮೇಲೆ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಗೆ ಅದರ ಬದಲು ‘ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನ’ ಎಂಬ ಮಾತು ಬಂತು.