ಅವರು ಎಂಥವರು ಅನ್ನೋದಕ್ಕಿಂತ, ಹೇಳಿದ್ದು ನಿಜವಾ ನೋಡಿ

ಹಳೇ ಹುಬ್ಬಳ್ಳಿಯ ಮಿತ್ರರಿಗೆ ನಮಸ್ಕಾರ.

ಮಹದಾಯಿ ನದಿಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಜಗಳದ ಬಗ್ಗೆ ನೀವು ಕಳಿಸಿದ ‘ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನಿಮಗೆ ಬರೆಯಲು ಬರುತ್ತದೆ, ಅದಕ್ಕೇ ಕಾರಣ ಬಿಡಿಸಿ ಹೇಳುತ್ತಿದ್ದೇನೆ.

ಐದು ಪುಟದಲ್ಲಿ ನಾಲ್ಕು ಪುಟ ಒಂದೇ ಮಾತು. ಅಧಿಕಾರದಲ್ಲಿದ್ದಾಗ ಸುಮ್ನಿದ್ದವರು ಕುರ್ಚಿ ಹೋದ ಮೇಲೆ ಕೂಗುತ್ತಾರೆ, ಎಲ್ಲರಿಗೂ ಎರಡು ನಾಲಿಗೆ. ಸಿಟ್ಟು ಸರಿಯಾಗಿಯೇ ಇದೆ. ಆದರೆ ಓದಿ ಮುಗಿಸಿದಾಗ ನನಗೆ ನಾಯಕರ ಗುಣ ತಿಳಿಯಿತು, ನೀರಿನ ವಿಷಯ ತಿಳಿಯಲಿಲ್ಲ.

ಮೂರನೇ ಪುಟ ನೋಡಿ. ‘ಕಣಕುಂಬಿಯ ಕಾಡಿನ ಬಗ್ಗೆ ಮಾತಾಡುವ ಧಾರವಾಡದವರ ಮನೆ ನಳಕ್ಕೂ ಮಲಪ್ರಭೆಯ ನೀರೇ ಬರುತ್ತದೆ. ಇವರಿಗೆ ಮಾತಾಡಲು ಏನು ಹಕ್ಕು?’ ಭಾಷಣದಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಆದರೆ ಅವರು ಕೇಳಿದ್ದು ಏನು? ಆ ನೀರು ತಿರುಗಿಸಲು ಅಲ್ಲಿ ಕಾಲುವೆ ತೋಡಿದರೆ ಎಷ್ಟು ಕಾಡು ಹೋಗುತ್ತದೆ ಅಂತ. ಅವರು ಯಾವ ನೀರು ಕುಡಿದರೂ ಆ ಪ್ರಶ್ನೆ ಹಾಗೇ ಉಳಿಯುತ್ತದೆ ಅಲ್ವಾ? ಉತ್ತರ ಕೊಡಲು ದಾರಿಯೂ ಇತ್ತು. ತೆರೆದ ಕಾಲುವೆ ಬಿಟ್ಟು, ನೀರೆತ್ತಿ ಪೈಪಿನಲ್ಲಿ ಒಯ್ಯುವ ಪರಿಷ್ಕೃತ ಯೋಜನೆಗೆ ಕೇಂದ್ರ ಜಲ ಆಯೋಗ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇದಕ್ಕೆ ಅರಣ್ಯ ಭೂಮಿ ಮೊದಲಿಗಿಂತ ಕಡಿಮೆ ಸಾಕು ಅನ್ನುವುದು ಸರಕಾರದ ವಾದ. ಆ ವಾದ ನಿಲ್ಲುತ್ತದೋ ಇಲ್ಲವೋ ತೂಗಿ ನೋಡಿದ್ದರೆ ಧಾರವಾಡದವರೂ ನಿಮ್ಮ ಲೇಖನ ಕೂತು ಓದುತ್ತಿದ್ದರು.

ಇನ್ನು ತಾರೀಖು. ಒಬ್ಬ ನಾಯಕರು 2016ರಲ್ಲಿ ‘ತೀರ್ಪು ಬರಲಿ, ಕಾಯೋಣ’ ಅಂದರು, 2021ರಲ್ಲಿ ‘ಕೂಡಲೇ ಕೆಲಸ ಶುರು ಮಾಡಿ’ ಅಂದರು ಎಂದು ಹಿಡಿದಿದ್ದೀರಿ. ನಡುವೆ ಆಗಿದ್ದನ್ನು ಬಿಟ್ಟಿದ್ದೀರಿ. 2016ರ ಜುಲೈನಲ್ಲಿ, ಈ ನೀರು ಹಂಚಲು ಕೂತ ನ್ಯಾಯಮಂಡಳಿ ನಮ್ಮ 7.56 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿತು. 2018ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಕರ್ನಾಟಕಕ್ಕೆ 13.42 ಟಿಎಂಸಿ. ಅದರಲ್ಲಿ ಕಳಸಾ, ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9. ಆ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗಿದ್ದು 2020ರ ಫೆಬ್ರುವರಿಯಲ್ಲಿ. ಪರಿಸ್ಥಿತಿ ಬದಲಾದಾಗ ಮಾತು ಬದಲಾದರೆ ಅದನ್ನು ಎರಡು ನಾಲಿಗೆ ಅನ್ನುವುದು ಅನ್ಯಾಯ.

ನಾಲ್ಕನೇ ಪುಟದ ಇನ್ನೊಬ್ಬರ ವಿಷಯದಲ್ಲಿ ನಿಮ್ಮ ಆರೋಪ ಗಟ್ಟಿ ಇದೆ. ಗೆಜೆಟ್ ಆದ ಮೇಲೆ, ವಿರೋಧ ಪಕ್ಷದಲ್ಲಿದ್ದಾಗ ‘ಅಡ್ಡಿ ಏನೂ ಇಲ್ಲ’ ಅಂದವರು, ಗೆದ್ದು ಬಂದು ‘ಅರಣ್ಯ ಅನುಮತಿ ಬೇಕಲ್ಲ’ ಅಂದರು. ಆದರೆ ‘ನೋಡಿ, ಇವರು ಹೀಗೆ’ ಅಂತ ಅಲ್ಲಿಗೇ ಬಿಟ್ಟಿರಿ. ಎರಡರಲ್ಲಿ ಯಾವುದು ನಿಜ? ಎರಡನೆಯದು. ಗೆಜೆಟ್ ಆದರೂ ಅರಣ್ಯ, ವನ್ಯಜೀವಿ ಕಾಯ್ದೆಗಳ ಅನುಮತಿ ಬೇಕೇ ಬೇಕು. ಅಂದರೆ ಮೊದಲು ಹೇಳಿದ್ದೇ ರೈತರಿಗೆ ಮಾಡಿದ ಮೋಸ. ಇಷ್ಟು ಬರೆದಿದ್ದರೆ ಅವರಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುತ್ತಿರಲಿಲ್ಲ. ಈಗ ಅವರು ‘ನೀವೇನು ಕಡಿಮೆನಾ’ ಅಂತ ಒಂದು ಮಾತು ಅಂದು ಪಾರಾಗುತ್ತಾರೆ. 2015ರಿಂದ ನರಗುಂದ, ನವಲಗುಂದದಲ್ಲಿ ಧರಣಿ ಕೂತವರಿಗೆ ಇಂಥ ಜಗಳ ಕೇಳಿ ಕೇಳಿ ಸಾಕಾಗಿದೆ. ಅವರಿಗೆ ಬೇಕಾದದ್ದು ನೀರು ಯಾವಾಗ, ತಡೆದಿರುವುದು ಏನು ಅನ್ನುವ ಉತ್ತರ.

ಕೊನೆಯಲ್ಲಿ ಕೊಟ್ಟ ತರ್ಕದೋಷಗಳ ಪಟ್ಟಿ ತೆಗೆದುಬಿಡಿ. ಎದುರಿನವರ ಮಾತಿಗೆ ಒಂದು ಹೆಸರು ಹಚ್ಚಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಕೆಟ್ಟದಾಗಿ ವಾದ ಮಾಡುವವರೂ ಎಷ್ಟೋ ಸಲ ನಿಜವನ್ನೇ ಹೇಳುತ್ತಿರುತ್ತಾರೆ.

ನಿಮ್ಮ ಓಣಿಯಲ್ಲಿ ನಳ ಬಂದ ರಾತ್ರಿ ಹೆಂಗಸರು ನಿದ್ದೆಗೆಟ್ಟು ಬ್ಯಾರಲ್, ಕೊಡ, ಕಡೆಗೆ ಅಡುಗೆಮನೆಯ ಪಾತೇಲಿಯನ್ನೂ ತುಂಬಿಡುವ ಪ್ಯಾರಾ ತುಂಬಾ ಚೆನ್ನಾಗಿದೆ. ಅದನ್ನು ಮೊದಲಿಗೆ ತನ್ನಿ. ನಾಯಕರ ಮಾತು ಎರಡು ಸಾಕು, ತಾರೀಖಿನ ಸಮೇತ. ಎರಡೂವರೆ ಪುಟ ಮೀರಬೇಡಿ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ